ತಾಯಿ ಅಂತ ಐತ್ರಿ

"ತಾಯಿ ಅಂತ ಐತ್ರಿ ಅಕ್ಕಾರ. ಹೆಸರಿಲ್ಲ."

ಭಾನುವಾರ ನಮ್ಮ ಮನೆ ಕಟ್ಟೆಯ ಮೇಲೆ ಕೂತು, ಊರೂರು ತಿರುಗಿ ಮನೆತನಗಳ ವಂಶ ಹೇಳುವ ಹೆಳವರ ಅಣ್ಣ ಹೇಳಿದ ಮಾತಿದು. ಇವತ್ತು ಗುರುವಾರ. ಹುಬ್ಬಳ್ಳಿಗೆ ವಾಪಸ್ ಬಂದು ನಾಲ್ಕು ದಿನ ಆಯಿತು, ಚಿಗರಿ ಬಸ್ಸಿನಲ್ಲಿ ನಿಂತಿದ್ದರೂ ಅದೇ, ರೊಟ್ಟಿ ಬಡಿಯುತ್ತಿದ್ದರೂ ಅದೇ. ಹೆಸರಿಲ್ಲ.

ನಾನು ಊರಿಗೆ ಹೋಗಿದ್ದು ಹೆಳವರನ್ನು ನೋಡುವುದಕ್ಕಲ್ಲ. ಅಜ್ಜನ ಹೆಸರಿನಲ್ಲಿ ನಾಲ್ಕು ಎಕರೆ ಎರಿ ಹೊಲ ಇದೆ. ಅಜ್ಜ ತೀರಿ ಹದಿನೆಂಟು ವರ್ಷ ಆಯಿತು, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇನ್ನೂ ಅವರದೇ ಹೆಸರು. ವಾರಸಾ ಹಚ್ಚಬೇಕು, ಅದಕ್ಕೆ ವಂಶಾವಳಿ ಬೇಕು, ಅಪ್ಪ ಇಲ್ಲವಲ್ಲ, ಹಾಗಾಗಿ ಅಮ್ಮ ಮತ್ತು ತಮ್ಮ ಬಂದು ಸಹಿ ಮಾಡಿ ಹೋಗಲಿ ಅಂತ ಕಾಕಾ ಮೂರು ಸಲ ಫೋನ್ ಮಾಡಿದ್ದರು. ನಾನು ಆಯಿಯನ್ನು, ಅಂದರೆ ಅಜ್ಜಿಯನ್ನು, ನೋಡೋಣ ಅಂತ ಸುಮ್ನೆ ಜೊತೆಗೆ ಹೋದೆ. "ನಿಂದೇನ್ ಸಹಿ ಬ್ಯಾಡ ಬಿಡವ್ವ" ಅಂದಿದ್ದರು ಕಾಕಾ. ಆಗ ಅದು ನನಗೆ ಏನೂ ಅನ್ನಿಸಿರಲಿಲ್ಲ.

ನಮ್ಮದು ಮುಂಡರಗಿ ತಾಲೂಕು. ಕಡಲೆ ಕಿತ್ತು ರಾಶಿ ಮಾಡುವ ಹೊತ್ತು, ಅಂಗಳದ ತುಂಬ ಹೊಟ್ಟು. ಮೊದಲೆಲ್ಲ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು, ಕೊರಳಿನ ಗಂಟೆ ಸದ್ದು ಓಣಿ ತಿರುವಿನಲ್ಲೇ ಕೇಳುತ್ತಿತ್ತು. ಕಾಲಿಲ್ಲದ ಹೆಳವನೊಬ್ಬ ಎತ್ತು ಹತ್ತಿ ಊರೂರು ತಿರುಗಿ ವಂಶ ಹೇಳಲು ಶುರು ಮಾಡಿದ ಅಂತ ಕಥೆ. ಈ ಸಲ ಇವರು ಬಂದಿದ್ದು ಬೈಕಿನಲ್ಲಿ. ಆದರೆ ಹ್ಯಾಂಡಲ್ಲಿಗೆ ಅದೇ ಹಿತ್ತಾಳೆ ಗಂಟೆ ಕಟ್ಟಿದ್ದರು, ಅವರ ಅಪ್ಪನ ಎತ್ತಿನದಂತೆ, ಅಂಚು ಸವೆದು ಹಾಳೆಯಷ್ಟು ತೆಳ್ಳಗಾಗಿತ್ತು. ಆಯಿಗೆ ತೊಂಬತ್ತು ವರ್ಷ, ಕಿವಿ ಮಂದ. ಆ ಗಂಟೆ ಮಾತ್ರ ಒಳಕೋಣೆಗೂ ಕೇಳಿಸಿತು. "ಹೆಳವ ಬಂದ ನೋಡ್ರಿ" ಅಂತ ಕೂಗಿದಳು.

ಹನ್ನೊಂದು ವರ್ಷದ ಮೇಲೆ ಬಂದಿದ್ದರು. ಕಾಕಾಗೆ ಅಷ್ಟು ಖುಷಿಯಾಗಲಿಲ್ಲ, ಬಂದವರಿಗೆ ಕಾಳು, ರೊಕ್ಕ ಕೊಡಬೇಕಲ್ಲ. ಕಾಕಾ ಕೆಟ್ಟವರಲ್ಲ. ಅಪ್ಪ ಹೋದ ವರ್ಷ ನಮ್ಮ ಮನೆಗೆ ತಿಂಗಳು ತಿಂಗಳು ಜೋಳ ಕಳಿಸಿದವರು ಅವರೇ. ಆದರೆ ಕೈ ಬಿಗಿ, ಹೊಲದ ಮಾತು ಬಂದರಂತೂ ಇನ್ನೂ ಬಿಗಿ.

ಹೆಳವರ ಅಣ್ಣ ರಟ್ಟಿಗೆ ಬಟ್ಟೆ ಹೊಲಿದ ದೊಡ್ಡ ಪುಸ್ತಕ ತೆಗೆದು, ಹಣೆಗೆ ಮುಟ್ಟಿಸಿ, ಬೆರಳು ನಾಲಿಗೆಗೆ ಹಚ್ಚಿ ಹಾಳೆ ತಿರುವಿದರು. ಪುಸ್ತಕ ನೋಡಿದ್ದು ಅಷ್ಟೇ, ಆಮೇಲೆ ಕಣ್ಣು ಮುಚ್ಚಿ ರಾಗವಾಗಿ ಶುರು ಮಾಡಿದರು. ನಮ್ಮ ಬೆಡಗು ಅಂದರೆ ಕುಲದ ಹೆಸರು, ನಮ್ಮ ಮನೆದೇವರು, ಯಾವ ಸೀಮೆಯಿಂದ ಬಂದೆವು, ಯಾರ ಹೊಟ್ಟೆಯಲ್ಲಿ ಯಾರು. ಮೂರು ಬಸಪ್ಪ, ಇಬ್ಬರು ಫಕೀರಪ್ಪ. ಒಬ್ಬ ಗದಗಿಗೆ ಹೋಗಿ ಹತ್ತಿ ಜಿನ್ನಿನಲ್ಲಿ ಹಮಾಲಿ ಮಾಡಿದ, ಅವನ ಕುಡಿ ಬೆಟಗೇರಿಯಲ್ಲಿದೆ. ಒಬ್ಬನಿಗೆ ಮಕ್ಕಳಿಲ್ಲ. ಒಬ್ಬ ಮುನಿಸಿಕೊಂಡು ಹಾವೇರಿ ಕಡೆ ಹೋದ, ಅವನ ಮೊಮ್ಮಕ್ಕಳ ಮನೆಗೆ ಹೋದ ವರ್ಷ ತಾವೇ ಹೋಗಿದ್ದೆವು ಅಂದರು. ನಮಗೆ ಗೊತ್ತೇ ಇಲ್ಲದ ನೆಂಟರು! ನನ್ನ ತಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದವನು ಅದನ್ನು ತೊಡೆ ಮೇಲೆ ಇಟ್ಟು ಬಾಯಿ ತೆರೆದು ಕೇಳುತ್ತ ಕೂತ.

ಕೊನೆಗೆ ಮೂಲಪುರುಷನಿಗೆ ಬಂದರು. ದೊಡ್ಡ ಬರದಲ್ಲಿ ಮೊಗಲಾಯಿ ಕಡೆಯಿಂದ, ಅಂದರೆ ಆಗ ನಿಜಾಮನ ಕೈಯಲ್ಲಿದ್ದ ಕೊಪ್ಪಳದ ಸೀಮೆಯಿಂದ ಬಂದವನು ಅಂದರು. ಬಂದಾಗ ವಯಸ್ಸೆಷ್ಟು ಅಂತ ತಮ್ಮ ಕೇಳಿದ. "ಎಲ್ಲೀ ವಯಸ್ಸು, ಎರಡು ವರ್ಷದ ಕೂಸರಿ. ತಾಯಿ ಬಗಲಾಗ ಹೊತ್ಕೊಂಡು ಬಂದ್ಲು. ಗಂಡ ದಾರ್ಯಾಗ ಹೋಗಿದ್ದ. ಇಲ್ಲಿ ಗೌಡ್ರ ಹಗೇವದಾಗ ಜೋಳ ಇತ್ತು, ತಗದು ಹಸನ ಮಾಡಾಕ ಆಳು ಬೇಕಾಗಿತ್ತು, ನಿಂತ್ಲು."

ಅಷ್ಟೇ. ನಿಂತ್ಲು. ಮುಂದಿನ ಸಾಲಿಗೆ ಹೋಗಿಬಿಟ್ಟರು.

ನಾನು ತಡೆದು ಕೇಳಿದೆ. "ಆಕಿ ಹೆಸರೇನ್ರಿ ಅಣ್ಣಾರ?"

ಕಣ್ಣು ತೆರೆದರು. ಪುಸ್ತಕದಲ್ಲಿ ಬೆರಳಿಟ್ಟು ಎರಡು ಸಲ ನೋಡಿದರು. ನಾನು ಕೇಳಿದ್ದಕ್ಕೆ ಅವರಿಗೆ ಬೇಜಾರಾದಂತೆ ಕಾಣಲಿಲ್ಲ, ಉತ್ತರ ಇಲ್ಲದ್ದಕ್ಕೆ ಆಯಿತು ಅನ್ನಿಸುತ್ತೆ. "ತಾಯಿ ಅಂತ ಐತ್ರಿ ಅಕ್ಕಾರ. ಹೆಸರಿಲ್ಲ."

ದೊಡ್ಡ ಬರ ಅಂದರೆ 1876 ರಿಂದ 1878 ರವರೆಗಿನದು. 1876ರಲ್ಲಿ ಮಳೆ ಕೈಕೊಟ್ಟಿತು. ಮುಂಬೈ ಪ್ರಾಂತ, ಮದ್ರಾಸು, ಮೈಸೂರು, ನಿಜಾಮನ ಸೀಮೆ ಎಲ್ಲ ಕಡೆ ಸೇರಿ 50 ಲಕ್ಷಕ್ಕೂ ಜಾಸ್ತಿ ಜನ ಸತ್ತರು ಅಂತ ಲೆಕ್ಕ. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು, ಗದಗ, ಮುಂಡರಗಿ ಎಲ್ಲ ಅದರೊಳಗೇ. ಇಷ್ಟನ್ನು ನಾನು ಓದಿ ತಿಳಿದಿದ್ದೆ. ಅಂಥ ಬರದೊಳಗೆ ಗಂಡನನ್ನು ದಾರಿಯಲ್ಲಿ ಮಣ್ಣು ಮಾಡಿ, ಕೂಸನ್ನು ಬಗಲಿಗೆ ಹಾಕಿಕೊಂಡು, ಯಾರೂ ಪರಿಚಯವಿಲ್ಲದ ಊರಿಗೆ ಬಂದು, ನೆಲದೊಳಗೆ ಕಾಳು ತುಂಬಿಡುವ ಹಗೇವಿನೊಳಗೆ ಇಳಿದವಳು ನಮ್ಮ ಮನೆಯವಳು ಅಂತ ಮಾತ್ರ ಗೊತ್ತಿರಲಿಲ್ಲ. ಹಗೇವು ತೆರೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಉಸಿರುಕಟ್ಟಿ ಸತ್ತವರಿದ್ದಾರೆ. ಬೇರೆ ಯಾರೂ ಬೇಗ ಒಪ್ಪದ ಕೆಲಸ ಅದು. ಆಕೆ ಇಳಿಯುವಾಗ ಕೂಸನ್ನು ಯಾರ ಕೈಗೆ ಕೊಟ್ಟಿದ್ದಳೋ.

ಊರಿಗೆ ಮೊದಲು ಕಾಲಿಟ್ಟವಳು ಆಕೆ. ಪುಸ್ತಕದಲ್ಲಿ ಮೂಲಪುರುಷ ಬಗಲಲ್ಲಿದ್ದ ಕೂಸು.

ಚಹಾ ಆದಮೇಲೆ ಕಾಕಾ ವಂಶಾವಳಿಯ ಕಾಗದ ತಂದರು, ತಲಾಟಿಗೆ ಕೊಡಬೇಕಾದದ್ದು. ಅಜ್ಜನ ಹೆಸರು, ಅದರ ಕೆಳಗೆ ಎರಡು ಗೆರೆ, ಅಪ್ಪ ಮತ್ತು ಕಾಕಾ. ಅಪ್ಪನ ಕೆಳಗೆ ಒಂದೇ ಗೆರೆ, ತಮ್ಮ. ನಾನಿಲ್ಲ. ರಾಣೆಬೆನ್ನೂರಿನಲ್ಲಿರುವ ಶಾರದಾ ಅತ್ತೆಯೂ ಇಲ್ಲ. ಅದೇ ಕಾಗದವನ್ನು ಬೆಳಿಗ್ಗೆ ನೋಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅದಕ್ಕೂ ಮೊದಲು ಹೆಳವರ ಮಾತು ಕೇಳಿದ್ದೆನಲ್ಲ, ಸುಮ್ಮನಿರಲು ಆಗಲಿಲ್ಲ.

"ನೀವೇನ್ ಪಾಲು ಕೇಳ್ತೀರಂತ ಅಲ್ಲವ್ವ, ಸಹಿ ಜಾಸ್ತಿ ಆದ್ರ ಕೆಲಸ ನಿಂದರತೈತಿ" ಅಂದರು ಕಾಕಾ. ಅವರು ಹೇಳಿದ್ದು ನಿಜವೇ ಇರಬಹುದು. ಹೊಲದ ಚರಿತ್ರೆ ನನಗೂ ಗೊತ್ತು. ಅಜ್ಜ ಲಾವಣಿ ಮೇಲೆ, ಅಂದರೆ ಗೇಣಿಗೆ ಮಾಡುತ್ತಿದ್ದ ಹೊಲ ಅದು, 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದಮೇಲೆ ಅರ್ಜಿ ಹಾಕಿ, ನ್ಯಾಯಮಂಡಳಿಗೆ ಓಡಾಡಿ ಹೆಸರಿಗೆ ಮಾಡಿಕೊಂಡರು. ಆ ಅರ್ಜಿಗೆ ಓಡಾಡುವಾಗ ಗದಗಿಗೆ ಬುತ್ತಿ ಕಟ್ಟಿಕೊಟ್ಟವಳು ಆಯಿ, ಹೊಲದಲ್ಲಿ ಕಳೆ ತೆಗೆದವಳು ಅತ್ತೆ. ಕಾನೂನೂ ಹೇಳುತ್ತೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬಂದದ್ದು ಅಂತ ಇನ್ನೂ ಬಿಡಿಸಿ ಹೇಳಿತು. ಆದರೆ ನಾನು ಅವತ್ತು ಪಾಲಿನ ಮಾತು ಆಡಲಿಲ್ಲ, ನನಗೆ ಹೊಲ ಬೇಕಿಲ್ಲ. ಅತ್ತೆ ಪಾಲು ಬಿಡುವುದಾದರೆ ತನ್ನ ಕೈಯಾರೆ ಬರೆದು ಬಿಡಲಿ, ಕೇಳಿದರೆ ಕೊಡಿ. ಹುಟ್ಟಿಯೇ ಇಲ್ಲ ಅನ್ನುವ ಹಾಗೆ ಬರೆಯಬೇಡಿ, ಅಷ್ಟೇ ಅಂದೆ. ಕಾಕಾ ಮುಖ ತಿರುಗಿಸಿದರು. ನಮ್ಮಮ್ಮ, ಯಾವತ್ತೂ ಭಾವ ಮೈದುನರ ಎದುರು ಮಾತಾಡದವಳು, "ಆಕಿ ಹೇಳೂದು ಖರೆ ಐತಿ" ಅಂದಳು.

ಅಷ್ಟು ಹೊತ್ತು ಕಂಬಕ್ಕೆ ಒರಗಿ ಕೂತಿದ್ದ ಆಯಿ ಕೇಳಿದಳು. "ಯಾರ ಹೆಸರು ಬಿಟ್ಟೀರಿ?"

ಜೋರಾಗಿ ಹೇಳಿದೆ, ಶಾರದಾ ಅತ್ತಿದು ಅಂತ.

"ಶಾರದಾ ಯಾಕ್ ಬರೀತೀರಿ, ಅದು ಗಂಡನ ಮನ್ಯಾಗ ಇಟ್ಟದ್ದು. ಆಕಿ ಹೆಸರು ಗಾಳೆವ್ವ."

ನಲವತ್ತು ದಾಟಿದೆ ನನಗೆ, ಆ ಹೆಸರನ್ನು ಅವತ್ತೇ ಕೇಳಿದ್ದು. ನಮ್ಮ ಊರಲ್ಲಿ ದ್ಯಾಮವ್ವನ ಗುಡಿ ಇದೆ, ದುರಗವ್ವನದು ಇದೆ, ಓಣಿಗೆ ನಾಲ್ಕು ದ್ಯಾಮವ್ವ ಸಿಗುತ್ತಾರೆ. ಗಾಳೆವ್ವನ ಗುಡಿ ಇಲ್ಲ. ಗಾಳೆವ್ವ, ಗಾಳೆಪ್ಪ ಅನ್ನುವ ಹೆಸರು ಜಾಸ್ತಿ ಕೇಳುವುದು ಕೊಪ್ಪಳದ ಕಡೆ. ಯಾಕೆ ಆ ಹೆಸರು ಇಟ್ಟಿರಿ ಅಂತ ಕೇಳಿದೆ.

"ನಮ್ಮ ಮಾವಗ ಒಬ್ಬಾಕಿ ಅಕ್ಕ ಇದ್ಳು, ಗಾಳೆವ್ವ. ನಾ ಸೊಸಿಯಾಗಿ ಬಂದಾಗ ಇದ್ಳು, ನನಗ ಭಾಳ ಚೊಲೋ ನೋಡ್ಕೊಂಡ್ಳು. ಆಕಿ ಹೆಸರ ಇಟ್ವಿ."

"ಆಕಿಗೆ ಯಾರ್ ಹೆಸರು ಇಟ್ಟಿದ್ರು?"

ಇದೂ ಒಂದು ಕೇಳುವ ಮಾತೇ ಅನ್ನುವ ಹಾಗೆ ಆಯಿ ನನ್ನ ಮುಖ ನೋಡಿದಳು. "ಮೊದಲ ಹೆಣ್ಣುಕೂಸಿಗೆ ಯಾರ ಹೆಸರ ಇಡ್ತಾರವ್ವ? ಅಪ್ಪನ ತಾಯಿ ಹೆಸರು."

ಮಾವನ ಅಕ್ಕನ ಅಪ್ಪ ಅಂದರೆ ಬಗಲಲ್ಲಿ ಬಂದ ಕೂಸು. ಅವನ ತಾಯಿ.

ಯಾರೂ ಮಾತಾಡಲಿಲ್ಲ. ಆಯಿಗೆ ತಾನು ಏನು ಹೇಳಿದೆ ಅಂತ ಗೊತ್ತಾಗಿತ್ತೋ ಇಲ್ಲವೋ, ಮೊರದಲ್ಲಿನ ಕಡಲೆಯಿಂದ ಕಲ್ಲು ಆರಿಸುತ್ತಿದ್ದಳು. ಹೆಳವರ ಅಣ್ಣ ಪೆನ್ನು ತೆಗೆದು ಆ ಹಾಳೆ ಹುಡುಕಿ, ತಾಯಿ ಅಂತ ಇದ್ದ ಕಡೆ, ಪಕ್ಕದಲ್ಲಿ ಜಾಗ ಸಾಲದೆ ಮೇಲುಗಡೆ ಸಣ್ಣ ಅಕ್ಷರದಲ್ಲಿ ಬರೆದುಕೊಂಡರು. ಹಾಗೇ ಹೊಸ ಹಾಳೆಯಲ್ಲಿ ನಿನ್ನ ಮಗಳದೂ ಬರೆಸು ಅಂತ ತಮ್ಮನಿಗೆ ಹೇಳಿದೆ. ನೀವು ಹೆಣ್ಣುಮಕ್ಕಳ ಹೆಸರು ಬರೆಯುವುದಿಲ್ಲವಾ ಅಂತ ಅವರನ್ನೂ ಕೇಳಿದೆ. "ಹೇಳಿದ್ರ ಬರೀತೀವ್ರಿ. ಯಾರೂ ಹೇಳಂಗಿಲ್ಲ" ಅಂದರು. ಎಂಟು ವರ್ಷದ ಹುಡುಗಿ ಅವರ ಪಕ್ಕಕ್ಕೇ ಹೋಗಿ ನಿಂತು, ತನ್ನ ಹೆಸರಿನ ದೀರ್ಘ ಸರಿಯಾಗಿ ಬಿತ್ತೋ ಇಲ್ಲವೋ ನೋಡಿದಳು. ಕಾಕಾ ಒಳಗೆ ಹೋಗಿ ಒಂದು ಚೀಲ ಕಡಲೆ ಅಳೆದು ತಂದರು, ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಕೊಟ್ಟರು.

ವಂಶಾವಳಿಯ ಕಾಗದ ಬೇರೆ ತಂದು ಬರೆಯುತ್ತೇವೆ ಅಂತ ತಮ್ಮ ತಾನೇ ಇಸಿದುಕೊಂಡ. ನಿನ್ನೆ ಸಂಜೆ ಬರೆಯಲು ಕೂತಾಗ ಆಧಾರಿನಲ್ಲಿ ಹೆಸರು ಬೇರೆ ಇದೆಯಲ್ಲ ಅಂತ ಅತ್ತೆಗೆ ಫೋನ್ ಮಾಡಿದೆ.

"ಅತ್ತಿ, ಶಾರದಾ ಉರ್ಫ್ ಗಾಳೆವ್ವ ಅಂತ ಬರೀಲ್ಯಾ?"

ಆ ಕಡೆ ಟೀವಿ ಸದ್ದು ಕಡಿಮೆಯಾಯಿತು. ಎಷ್ಟೋ ಹೊತ್ತು ಮಾತಿಲ್ಲ, ಲೈನ್ ಹೋಯಿತೇನೋ ಅಂತ ಎರಡು ಸಲ ಹಲೋ ಅಂದೆ.

"ತಿರುವಿ ಬರಿ" ಅಂದಳು ಅತ್ತೆ. "ಗಾಳೆವ್ವ ಮೊದಲ ಇರಲಿ."