ಅದು ಉಷ್ಣ ಆಗಿರಲಿಲ್ಲ

ಸೋಮವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಅನ್ನಕ್ಕೆ ಇಡುವಾಗ, ಬಸ್ಸಿನಲ್ಲಿ ಕೂತಾಗ, ಮಕ್ಕಳ ನೋಟ್ಸ್ ತಿದ್ದುವಾಗ ಅದೇ ಕೇಳಿಸುತ್ತದೆ.

"ಅಮ್ಮ, ಆ ಜಾಗ ಒಣಗಿದ ಹಾಗೆ ಅನ್ನಿಸುತ್ತಾ?"

ಕೇಳಿದ್ದು ಒಬ್ಬರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನಾನು ಹೋಗಿದ್ದು ಉರಿಮೂತ್ರಕ್ಕೆ. ಈ ವರ್ಷ ಇದು ನಾಲ್ಕನೇ ಸಲ. ಯಾವಾಗಲೂ ತೋರಿಸುವ ಡಾಕ್ಟರು ಊರಲ್ಲಿರಲಿಲ್ಲ. ಐದು ದಿನದ ಮಾತ್ರೆ ಬರೆಸಿಕೊಂಡು ಬಂದರೆ ಸಾಕು ಅಂತ ಇವರ ಹತ್ತಿರ ಹೋದೆ, ಅಷ್ಟೇ.

ಇವರು ತಕ್ಷಣ ಪೆನ್ನು ತೆಗೆಯಲಿಲ್ಲ. ನನ್ನ ಹಳೇ ರಿಪೋರ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. "ಮೂರು ಸಲ ಕಲ್ಚರ್ ಮಾಡಿಸಿದ್ದೀರಿ. ಎರಡರಲ್ಲಿ ಬ್ಯಾಕ್ಟೀರಿಯಾ ಏನೂ ಬೆಳೆದೇ ಇಲ್ವಲ್ಲಮ್ಮ" ಅಂದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಕುರ್ಚಿಯ ತುದಿಯಲ್ಲಿ, ಒಂದು ಪಕ್ಕಕ್ಕೆ ಭಾರ ಹಾಕಿ ಕೂತಿದ್ದೆ. ಹಾಗೆ ಕೂರುವುದು ಅಭ್ಯಾಸವಾಗಿ ಎಷ್ಟು ದಿನ ಆಗಿತ್ತೋ, ನನಗೇ ಗೊತ್ತಿರಲಿಲ್ಲ. "ಯಾವಾಗಲೂ ಹೀಗೇ ಕೂರ್ತೀರಾ?" ಅಂದರು. ನಾನು ಸುಮ್ಮನಿದ್ದೆ. ಆಗ ಬಂತು ಆ ಪ್ರಶ್ನೆ.

ನಾನು ಬಾಗಿಲ ಕಡೆ ನೋಡಿದೆ. ಬಾಗಿಲು ಹಾಕಿತ್ತು. ಆದರೂ ದನಿ ಏಳಲಿಲ್ಲ. ತಲೆ ಆಡಿಸಿದೆ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. 27 ವರ್ಷ ಆಯಿತು. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠವನ್ನು ಎಷ್ಟೋ ಜನ ಮನೆಯಲ್ಲಿ ಓದಿಕೊಳ್ಳಿ ಅಂತ ಬಿಟ್ಟುಬಿಡುತ್ತಾರೆ. ನಾನು ಒಂದು ವರ್ಷವೂ ಬಿಟ್ಟವಳಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ಅಂಡಾಶಯ, ಗರ್ಭಕೋಶ, ಯೋನಿ ಅಂತ ಒಂದೊಂದನ್ನೂ ಹೆಸರು ಹೇಳಿ ತೋರಿಸಿದ್ದೇನೆ. ಗಂಡುಮಕ್ಕಳು ಮುಸಿಮುಸಿ ನಕ್ಕರೆ ಗದರಿಸಿದ್ದೇನೆ. ಅಂಥವಳಿಗೆ ನನ್ನದೇ ಮೈಯ ವಿಷಯ ಬಂದಾಗ ಆ ಮಾತು ಬಾಯಿಗೆ ಬರಲಿಲ್ಲ. ಪಾಠದಲ್ಲಿ ಮುಟ್ಟು ಹೇಗೆ ಆಗುತ್ತದೆ ಅಂತ ಹೇಳಿಕೊಟ್ಟೆ. ಮುಟ್ಟು ನಿಂತಮೇಲೆ ಮೈಗೆ ಏನಾಗುತ್ತದೆ ಅಂತ ಒಂದು ದಿನವೂ ಹೇಳಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಇದಕ್ಕೆ ಇರುವ ಹೆಸರು ಒಂದೇ. ಉಷ್ಣ. ಉರಿಯಾದರೆ ಉಷ್ಣ. ತುರಿಕೆಯಾದರೆ ಉಷ್ಣ. ರಾತ್ರಿ ಮೂರು ಸಲ ಬಚ್ಚಲಿಗೆ ಎದ್ದರೆ ಅದೂ ಉಷ್ಣ. ನಾನೂ ಐದು ವರ್ಷದಿಂದ ಉಷ್ಣಕ್ಕೇ ಮದ್ದು ಮಾಡಿಕೊಂಡು ಬಂದೆ. ಬಾರ್ಲಿ ನೀರು, ಕೊತ್ತಂಬರಿ ಬೀಜ ನೆನೆಸಿದ ನೀರು, ಲಾವಂಚದ ನೀರು, ಒಂದೆಲಗದ ತಂಬುಳಿ. ಕುಡಿಯಲು, ಉಣ್ಣಲು ಎಲ್ಲವೂ ಒಳ್ಳೆಯದೇ. ಆದರೆ ಅಲ್ಲಿ ಆಗಿದ್ದು ಉಷ್ಣ ಅಲ್ಲ. ಸಾಲದ್ದಕ್ಕೆ ಸ್ವಚ್ಛತೆ ಕಮ್ಮಿ ಆಯಿತೇನೋ ಅಂತ ಸೋಪು ಜಾಸ್ತಿ ಮಾಡಿದೆ. ಆ್ಯಂಟಿಸೆಪ್ಟಿಕ್ ದ್ರಾವಣ ಹಾಕಿ ತೊಳೆದುಕೊಂಡೆ. ಉರಿ ಇನ್ನೂ ಹೆಚ್ಚಿತು.

ಡಾಕ್ಟರ್ ನನ್ನನ್ನು ಕೇಳಿಯೇ ಪರೀಕ್ಷೆ ಮಾಡಿದರು. ನೋವಾದರೆ ಹೇಳಿ, ಅಲ್ಲಿಗೇ ನಿಲ್ಲಿಸ್ತೀನಿ ಅಂದರು. ಮುಟ್ಟು ನಿಂತಮೇಲೆ ಒಂದು ತೊಟ್ಟಾದರೂ ರಕ್ತ ಕಂಡಿತ್ತಾ ಅಂತ ಎರಡು ಸಲ ಕೇಳಿದರು. ಕಂಡಿದ್ದರೆ ಅದನ್ನು ಬೇರೆಯಾಗಿಯೇ ನೋಡಬೇಕಂತೆ, ಒಂದೇ ಸಲ ಕಂಡರೂ ಬಿಡಬಾರದಂತೆ. ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಆಗಿತ್ತಾ ಅಂತಲೂ ಕೇಳಿದರು. ಆಮೇಲೆ ಕೈ ತೊಳೆದು ಬಂದು ಎದುರು ಕೂತು, "ಪಸೆ ಆರಿಹೋಗಿದೆ ಅಮ್ಮ. ಒಳಪದರ ತುಂಬಾ ತೆಳುವಾಗಿದೆ" ಅಂದರು.

ಪಸೆ. ಎಷ್ಟು ಸಲೀಸಾದ ಮಾತು. ಗದ್ದೆಗೆ, ಅಡಿಕೆ ಬುಡಕ್ಕೆ, ಗೋಡೆಗೆ ನಾವು ದಿನಾ ಆಡುವ ಮಾತು.

ಟೀಚರ್ ಅಂತ ಗೊತ್ತಾದಮೇಲೆ ಬಿಡಿಸಿ ಹೇಳಿದರು. ಮುಟ್ಟು ನಿಂತಮೇಲೆ ಈಸ್ಟ್ರೋಜನ್ ಇಳಿಯುತ್ತದೆ. ಆ ಪದರದ ದಪ್ಪ, ಹಿಗ್ಗುವ ಗುಣ, ಪಸೆ ಎಲ್ಲವೂ ಇರುವುದು ಅದರಿಂದ. ಪಕ್ಕದಲ್ಲೇ ಇರುವ ಮೂತ್ರನಾಳಕ್ಕೂ ಅದೇ ಹಾರ್ಮೋನು ಬೇಕು. ಮೊಸರಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಇದೆಯಲ್ಲ, ಆ ಗುಂಪಿನವು ಅಲ್ಲೂ ಇರುತ್ತವೆ. ಪದರದ ಜೀವಕೋಶಗಳಲ್ಲಿರುವ ಗ್ಲೈಕೋಜನ್ನೇ ಅವಕ್ಕೆ ಆಹಾರ. ಅವು ಲ್ಯಾಕ್ಟಿಕ್ ಆಮ್ಲ ಮಾಡಿ ಆ ಜಾಗವನ್ನು ಹುಳಿಯಾಗಿ ಇಡುತ್ತವೆ. ಪಿಎಚ್ ಸುಮಾರು 4.5ರ ಒಳಗಿರುತ್ತದೆ. ಪದರ ತೆಳುವಾದರೆ ಆಹಾರ ಇಲ್ಲ, ಅವೂ ಇಲ್ಲ, ಹುಳಿಯೂ ಇಲ್ಲ. ಪಿಎಚ್ 5 ದಾಟುತ್ತದೆ. ಸೋಂಕು ತರುವ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದ ಹಾಗೆ. "ಹಾಗಂತ ಮೊಸರು ಹಚ್ಚಿಕೊಳ್ಳಬೇಡಿ ಮತ್ತೆ" ಅಂತ ನಕ್ಕರು.

ಇನ್ನೊಂದು ವಿಷಯ ಹೇಳಿದರು. ಇದಕ್ಕೆ ಈಗ ಡಾಕ್ಟರುಗಳು ಜಿಎಸ್‌ಎಂ ಅನ್ನುತ್ತಾರಂತೆ, ಅಂದರೆ ಮುಟ್ಟು ನಿಂತಮೇಲೆ ಜನನಾಂಗಕ್ಕೂ ಮೂತ್ರದ ಅಂಗಗಳಿಗೂ ಒಟ್ಟಿಗೆ ಬರುವ ತೊಂದರೆಗಳು. ಆ ಹೆಸರು ಇಟ್ಟಿದ್ದು 2014ರಲ್ಲಿ. ಮುಂಚಿನ ಹೆಸರಿನಲ್ಲಿ ಮೂತ್ರದ ತೊಂದರೆಯ ಸುಳಿವೇ ಇರಲಿಲ್ಲ. ಉರಿಮೂತ್ರ ಬೇರೆ, ಒಣಗುವುದು ಬೇರೆ ಅಂತಲೇ ನೋಡುತ್ತಿದ್ದರು. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದು ಇರುತ್ತದಂತೆ. ಮೈ ಬಿಸಿಯೇರಿ ಬೆವರುವುದೆಲ್ಲ ಸಾಮಾನ್ಯವಾಗಿ ವರ್ಷ ಕಳೆದ ಹಾಗೆ ಕಮ್ಮಿಯಾಗುತ್ತದೆ. ಇದು ಹಾಗಲ್ಲ. ಬಿಟ್ಟರೆ ಹೆಚ್ಚುತ್ತಲೇ ಹೋಗುತ್ತದೆ.

ಅರ್ಧದಷ್ಟು ಜನ. ನಮ್ಮ ಸ್ಟಾಫ್ ರೂಮಿನಲ್ಲಿ ಐವತ್ತು ದಾಟಿದವರು ಆರು ಜನ ಇದ್ದೇವೆ. ಮಂಡಿನೋವು, ಶುಗರ್, ಬಿಪಿ, ಥೈರಾಯ್ಡ್ ಎಲ್ಲ ದಿನಾ ಮಾತಾಡುತ್ತೇವೆ. ಇದರ ಬಗ್ಗೆ ಒಂದು ಮಾತಿಲ್ಲ.

ಎರಡು ವರ್ಷದ ಹಿಂದೆ ನಾನು ಧೈರ್ಯ ಮಾಡಿದ್ದೆ ಅನ್ನೋದನ್ನೂ ಹೇಳಬೇಕು. ಬೇರೊಬ್ಬ ಡಾಕ್ಟರ ಹತ್ತಿರ, ಅವರೂ ಹೆಂಗಸೇ, ಹಿರಿಯರು, "ಗಂಡನ ಜೊತೆ ಇರೋವಾಗ ನೋವಾಗುತ್ತೆ" ಅಂತ ಹೇಗೋ ಹೇಳಿದೆ. ಅವರು ಮುಖ ಕೂಡ ಎತ್ತಲಿಲ್ಲ. "ಈ ವಯಸ್ಸಲ್ಲಿ ಇನ್ನೇನಮ್ಮ ಅದೆಲ್ಲ? ಮೊಮ್ಮಕ್ಕಳನ್ನ ಆಡಿಸೋ ಕಾಲ" ಅಂದರು. ನಾನು ಫೀಸು ಕೊಟ್ಟು ಎದ್ದು ಬಂದೆ. ಅವರು ಕೆಟ್ಟವರಲ್ಲ. ಎಷ್ಟೋ ಹೆರಿಗೆ ಮಾಡಿಸಿದ ಕೈ ಅದು. ಆದರೆ ಆ ಒಂದು ಮಾತಿಗೆ ನಾನು ಇನ್ನೂ ಎರಡು ವರ್ಷ ಬಾಯಿ ಮುಚ್ಚಿಕೊಂಡೆ. ಅದನ್ನು ಕ್ಷಮಿಸಲು ನನಗೆ ಇನ್ನೂ ಆಗಿಲ್ಲ.

ಮೆಡಿಕಲ್ ಶಾಪಿನಲ್ಲಿ ಹುಡುಗ ಚೀಟಿ ನೋಡಿ, ಕ್ರೀಮಿನ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿದ. ನನ್ನ ಥೈರಾಯ್ಡ್ ಮಾತ್ರೆಯನ್ನು ಹಾಗೇ ಕೈಗೆ ಕೊಟ್ಟ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಒಳಗಿನ ಚೀಟಿ ಓದಿದೆ. ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಅಂತೆಲ್ಲ ಇತ್ತು. ಎದೆ ಧಸಕ್ಕೆಂದಿತು. ಡಾಕ್ಟರಿಗೆ ಫೋನ್ ಮಾಡಿದೆ.

ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. ಆ ಭಯ ಶುರುವಾಗಿದ್ದು 2002ರಲ್ಲಿ, ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿ ಕೊಟ್ಟಿದ್ದು ನುಂಗುವ ಹಾರ್ಮೋನ್ ಮಾತ್ರೆ, ಇಡೀ ಮೈಗೆ ಹೋಗುವಂಥದ್ದು. ಇದು ಆ ಜಾಗಕ್ಕಷ್ಟೇ ಹಚ್ಚುವ ಎಸ್ಟ್ರಿಯಾಲ್ ಕ್ರೀಮು, ಈಸ್ಟ್ರೋಜನ್ನಿನದೇ ಒಂದು ಬಗೆ. ಪ್ರಮಾಣ ತೀರಾ ಕಮ್ಮಿ, ರಕ್ತಕ್ಕೆ ಸೇರುವುದು ಅತ್ಯಲ್ಪ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2025ರ ನವೆಂಬರಿನಲ್ಲಿ ಇಂಥ ಔಷಧಿಗಳ ಮೇಲಿನ ಆ ದೊಡ್ಡ ಎಚ್ಚರಿಕೆಯನ್ನು ತೆಗೆಸುತ್ತೇವೆ ಅಂತ ಹೇಳಿದೆಯಂತೆ. ಸ್ತನದ ಕ್ಯಾನ್ಸರ್ ಆದವರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹಾರ್ಮೋನ್ ಬೇಡ ಅನ್ನುವವರಿಗೆ ಹಾರ್ಮೋನ್ ಇಲ್ಲದ ಮಾಯಿಶ್ಚರೈಸರ್ ಇದೆ, ವಾರಕ್ಕೆ ಎರಡು ಮೂರು ಸಲ ಹಚ್ಚುವುದು. ಗಂಡ ಹೆಂಡತಿ ಸೇರುವಾಗಿನ ನೋವಿಗೆ ಲೂಬ್ರಿಕೆಂಟ್ ಇದೆ. ನನಗೆ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಅಂತ ಬರೆದಿದ್ದಾರೆ. "ನಾಳೆಯೇ ಸರಿ ಹೋಗುತ್ತೆ ಅಂದ್ಕೋಬೇಡಿ. ಪೂರ್ತಿ ಗುಣ ಕಾಣೋಕೆ ಎರಡು ಮೂರು ತಿಂಗಳು ಬೇಕು. ಸೋಪು, ಆ್ಯಂಟಿಸೆಪ್ಟಿಕ್ ಇವತ್ತೇ ನಿಲ್ಲಿಸಿ. ಬರೀ ನೀರು ಸಾಕು."

ಸಂಜೆ ಇವರು ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಹೋಗಿ ಪಕ್ಕದಲ್ಲಿ ಕೂತೆ. ಇವರು ಹಾಲ್‌ನಲ್ಲಿರುವ ಮಂಚಕ್ಕೆ ಹಾಸಿಗೆ ಬದಲಾಯಿಸಿ ಎರಡು ವರ್ಷ ಆಯಿತು. ಗೊರಕೆಗೆ ನಿನಗೆ ನಿದ್ದೆ ಬರಲ್ಲ ಅಂತ ನೆಪ ಹೇಳಿದ್ದರು. ನಾನೂ ಬೇಡ ಅನ್ನಲಿಲ್ಲ. ಕತ್ತಲಾದರೆ ಸಾಕು, ನನಗೆ ಹೆದರಿಕೆ ಶುರುವಾಗುತ್ತಿತ್ತು.

"ರೀ, ನಂಗೆ ಅಲ್ಲಿ ಒಣಗಿಹೋಗಿ ನೋವಾಗ್ತಿತ್ತಂತೆ. ಅದಕ್ಕೊಂದು ಕ್ರೀಮ್ ಕೊಟ್ಟಿದ್ದಾರೆ" ಅಂದೆ.

ಅಡಕತ್ತರಿ ಹಿಡಿದ ಕೈ ನಿಂತಿತು. ಅರ್ಧ ಸೀಳಿದ ಅಡಿಕೆ ಅದರಲ್ಲೇ ಇತ್ತು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ನಾನು ನಿಂಗೆ ಬೇಡವಾದೆ ಅಂದ್ಕೊಂಡಿದ್ದೆ ಕಣೆ."

30 ವರ್ಷದ ಸಂಸಾರ. ಇವರ ಮನಸ್ಸಿನಲ್ಲಿ ಅಂಥದ್ದೊಂದು ನೋವು ಕೂತಿದೆ ಅಂತ ನನಗೆ ತಿಳಿಯಲಿಲ್ಲ. ನನ್ನ ಮೈಯ ನೋವು ಇವರಿಗೆ ತಿಳಿಯಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬೇಸರವಾಗದ ಹಾಗೆ ನೋಡಿಕೊಳ್ಳುತ್ತಲೇ ದೂರ ಆಗಿದ್ದೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾಗಿದ್ದು ಅಮ್ಮ. ತೀರ್ಥಹಳ್ಳಿ ಮನೆಯ ಜಗಲಿಯ ತುದಿಯಲ್ಲಿ, ಹಳೇ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡು, ಒಂದು ಪಕ್ಕಕ್ಕೆ ಭಾರ ಹಾಕಿ ಕೂರುತ್ತಿದ್ದಳು. ನನ್ನ ಹಾಗೇ. ನಾನು ಅವಳ ಹಾಗೇ. ಬಸ್ ಹತ್ತುವುದು ಬಿಟ್ಟಳು. ಮದುವೆ ಮನೆಗೆ ಹೋಗುವುದು ಬಿಟ್ಟಳು. ಅಲ್ಲಿ ಬಚ್ಚಲು ಎಲ್ಲಿರುತ್ತೋ ಏನೋ ಅನ್ನುತ್ತಿದ್ದಳು. ಚೊಂಬಿನಲ್ಲಿ ಬಾರ್ಲಿ ನೀರು ಪಕ್ಕದಲ್ಲೇ ಇರುತ್ತಿತ್ತು. "ಏನಾಯ್ತಮ್ಮ?" ಅಂದರೆ "ಉಷ್ಣ ಮಾರಾಯ್ತಿ" ಅನ್ನುತ್ತಿದ್ದಳು. ನಾನು ಅಷ್ಟಕ್ಕೇ ಬಿಡುತ್ತಿದ್ದೆ. ಅವಳು ಹೋಗಿ ಒಂಬತ್ತು ವರ್ಷ ಆಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆ ಕೂತಳು. ಅವಳಿಗೂ ಇದೇ ಇತ್ತು ಅಂತ ಈಗ ಯಾರೂ ಪರೀಕ್ಷೆ ಮಾಡಿ ಹೇಳಲು ಆಗುವುದಿಲ್ಲ. ಆದರೆ ಒಬ್ಬರಾದರೂ ಅವಳನ್ನು ಆ ಪ್ರಶ್ನೆ ಕೇಳಿದ್ದರೆ? ವಿಜ್ಞಾನ ಓದಿದ ಮಗಳು ನಾನೇ ಕೇಳಬಹುದಿತ್ತು.

ಇಂದು ಶನಿವಾರ. ಐದು ರಾತ್ರಿ ಆಯಿತು. ಉರಿ ಇನ್ನೂ ಇದೆ, ಸ್ವಲ್ಪ ಕಮ್ಮಿ ಅನ್ನಿಸುತ್ತಿದೆ. ಸೋಪು ಬಿಟ್ಟಿದ್ದಕ್ಕೂ ಇರಬಹುದು.

ಬೆಳಗ್ಗೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಮ್ಮನ ತಂಗಿ, 71 ವರ್ಷ. ಹೋದ ತಿಂಗಳು ಗೃಹಪ್ರವೇಶದಲ್ಲಿ ಊಟದ ಬೆಂಚಿನ ಮೇಲೆ ಅವಳು ಕೂತ ರೀತಿ ಈ ವಾರ ಪದೇ ಪದೇ ಕಣ್ಣಿಗೆ ಬರುತ್ತಿತ್ತು. ಮಳೆ, ಅಡಿಕೆ ರೇಟು, ಮೊಮ್ಮಗನ ಕಾಲೇಜು ಎಲ್ಲ ಆಯಿತು. ಆಮೇಲೆ ಕೇಳಿದೆ.

"ಚಿಕ್ಕಮ್ಮ, ನಿಂಗೆ ಆ ಜಾಗ ಒಣಗಿದ ಹಾಗೆ ಆಗ್ತದಾ?"

ಆ ಕಡೆಯಿಂದ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಬಾಗಿಲು ಹಾಕಿದ ಸದ್ದು ಕೇಳಿಸಿತು. ಚಿಕ್ಕಮ್ಮನ ದನಿ ತಗ್ಗಿತ್ತು.

"ಅದು ಉಷ್ಣ ಅಲ್ಲನೆ?"

"ಅಲ್ಲ ಚಿಕ್ಕಮ್ಮ."

"ಹಂಗಾರೆ ನಿಂಗೆ ಕೊಟ್ಟ ಮದ್ದಿನ ಹೆಸರು ಬರೆದು ಕಳಿಸೆ. ಇಲ್ಲೇ ತರಿಸ್ಕೊಳ್ತೀನಿ."

"ಹೆಸರು ಕಳಿಸಲ್ಲ. ಅವರು ನಿನ್ನನ್ನ ನೋಡಬೇಕು. ನೀನು ಶಿವಮೊಗ್ಗಕ್ಕೆ ಬಾ, ನಾನೇ ಕರ್ಕೊಂಡು ಹೋಗ್ತೀನಿ."

"ಬಸ್ಸಲ್ಲಿ ಅಷ್ಟು ದೂರ ಕೂರಕ್ಕೆ ಆಗಲ್ಲ ಮಾರಾಯ್ತಿ."

ಬುಧವಾರ ರಜೆ ಹಾಕಿದ್ದೇನೆ. ಇವರು ಕಾರು ತೆಗೆಯುತ್ತಾರೆ. ಹಿಂದಿನ ಸೀಟಿಗೆ ಹಾಕಲು ಮೆತ್ತನೆಯ ದಿಂಬೊಂದನ್ನು ಈಗಲೇ ತೆಗೆದಿಟ್ಟಿದ್ದೇನೆ.