ಹೆಣ್ಣುಮಗು ಹುಟ್ಟಿದ ಹಬ್ಬ

ಸೆಪ್ಟೆಂಬರ್ 8 ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕ್ಯಾಥೋಲಿಕರ ಮನೆಗಳಲ್ಲಿ ಮೊಂತಿ ಫೆಸ್ತ್. ಪತ್ರಿಕೆಗಳಲ್ಲಿ ಇದನ್ನು ತೆನೆ ಹಬ್ಬ ಅಂತ ಬರೆಯುತ್ತಾರೆ. ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿ ಮನೆಮನೆಗೆ ಕೊಡುವುದರಿಂದ ಆ ಹೆಸರು ಸರಿಯಾಗಿಯೇ ಇದೆ. ಆದರೆ ಇದು ಮೊದಲು ಯೇಸುವಿನ ತಾಯಿ ಮರಿಯಮ್ಮನವರು ಹುಟ್ಟಿದ ದಿನ. ಒಂದು ಹೆಣ್ಣುಮಗು ಹುಟ್ಟಿತು ಅಂತ ಊರೆಲ್ಲಾ ಸಂಭ್ರಮಿಸುವ ದಿನ.

ಆಗಸ್ಟ್ 30ರಿಂದಲೇ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಶುರು. ಒಂಬತ್ತು ದಿನವೂ ಮಕ್ಕಳು ಬುಟ್ಟಿಯಲ್ಲಿ ಹೂ ತರುತ್ತಾರೆ. ಅಂಗಡಿಯ ಹೂವೇ ಆಗಬೇಕೆಂದಿಲ್ಲ. ಮಳೆಗಾಲದಲ್ಲಿ ಹಿತ್ತಿಲಲ್ಲಿ, ಗದ್ದೆಯ ಬದಿಯಲ್ಲಿ ಸಿಕ್ಕಿದ್ದೆಲ್ಲಾ ನಡೆಯುತ್ತದೆ. ಹಾಡುತ್ತಾ ಸಾಲಾಗಿ ಬಂದು ಬಾಲೆ ಮರಿಯಮ್ಮನ ಪುಟ್ಟ ಪ್ರತಿಮೆಗೆ ಹೂ ಎರಚುತ್ತಾರೆ. ಈ ಪದ್ಧತಿ 1763ರಲ್ಲಿ ಫರಂಗಿಪೇಟೆಯಲ್ಲಿ, ಗೋವಾದಿಂದ ಬಂದ ಫಾದರ್ ಜೋಕಿಮ್ ಮಿರಾಂದಾ ಅವರಿಂದ ಶುರುವಾಯಿತು ಅಂತ ನಮ್ಮವರು ಹೇಳುತ್ತಾರೆ.

ಧರ್ಮಸಭೆಯ ಪಂಚಾಂಗದಲ್ಲಿ ಹುಟ್ಟಿದ ದಿನದ ಹಬ್ಬ ಇರುವುದು ಮೂವರಿಗೆ ಮಾತ್ರ: ಯೇಸು, ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನ, ಮತ್ತೆ ಮರಿಯಮ್ಮ. ಉಳಿದ ಸಂತರನ್ನೆಲ್ಲಾ ಸಾಮಾನ್ಯವಾಗಿ ಸತ್ತ ದಿನವೇ ನೆನೆಯುವುದು. ಮರಿಯಮ್ಮ ಹುಟ್ಟಿದ ಕಥೆ ಬೈಬಲಿನಲ್ಲಿ ಇಲ್ಲವೇ ಇಲ್ಲ. ಅದು ಬರುವುದು ಎರಡನೇ ಶತಮಾನದ, ಯಾಕೋಬನ ಹೆಸರಿನಲ್ಲಿರುವ ಒಂದು ಹಳೆಯ ಬರಹದಲ್ಲಿ. ಆ ಬರಹ ಬೈಬಲಿಗೆ ಸೇರಲಿಲ್ಲ. ಆದರೆ ಅದರ ಕಥೆಯನ್ನು ಜನ ಬಿಟ್ಟುಕೊಡಲಿಲ್ಲ.

ಅದರಲ್ಲಿ ಮರಿಯಮ್ಮನ ತಾಯಿ ಅನ್ನಮ್ಮನಿಗೆ ಮಕ್ಕಳಿಲ್ಲ. ಜನರ ಚುಚ್ಚುಮಾತು ಬೇರೆ. ಮಗು ಆಗುತ್ತದೆ ಅಂತ ದೇವದೂತ ಹೇಳಿದಾಗ ಆಕೆ, ಗಂಡಾಗಲಿ ಹೆಣ್ಣಾಗಲಿ ದೇವರಿಗೇ ಒಪ್ಪಿಸುತ್ತೇನೆ ಎನ್ನುತ್ತಾಳೆ. ಹೆರಿಗೆಯಾದ ಮೇಲೆ ಸೂಲಗಿತ್ತಿಯನ್ನು ಕೇಳುತ್ತಾಳೆ, ಏನು ಮಗು? ಹೆಣ್ಣು, ಎನ್ನುತ್ತಾಳೆ ಆಕೆ. ಈ ದಿನ ನನ್ನ ಆತ್ಮಕ್ಕೆ ಹಿರಿಮೆ ಬಂತು, ಅಂತಾಳೆ ಅನ್ನಮ್ಮ.

ನಾನು ಈ ಮಾತಿನ ಹತ್ತಿರ ಪ್ರತಿ ವರ್ಷ ನಿಲ್ಲುತ್ತೇನೆ. ಹೆಣ್ಣು ಅಂದ ಕೂಡಲೇ ಸಪ್ಪಗಾಗುವ ಮುಖಗಳನ್ನು ಹೆರಿಗೆ ವಾರ್ಡಿನ ಹೊರಗೆ ಯಾರು ನೋಡಿಲ್ಲ ಹೇಳಿ? ನಮ್ಮ ಮನೆಗಳೂ ಅದಕ್ಕೆ ಹೊರತಲ್ಲ. ಅದೇ ಜನ ಇಲ್ಲಿ ಹೆಣ್ಣುಮಗುವಿನ ಮುಂದೆ ಹೂ ಹಿಡಿದು ನಿಲ್ಲುತ್ತಾರೆ. ಆ ಹೂವಿಗೆ ಅರ್ಥ ಇರಬೇಕಾದರೆ ಅದು ವಾರ್ಡಿನ ಬಾಗಿಲವರೆಗೂ ಹೋಗಬೇಕು ಅಲ್ವಾ?

ಮುಂದೆ ಆ ಮಗಳು ದೊಡ್ಡವಳಾಗಿ, ಯೇಸುವನ್ನು ಹೊಟ್ಟೆಯಲ್ಲಿ ಹೊತ್ತು, ತನ್ನ ಬಂಧು ಎಲಿಜಬೇತಳ ಮನೆಗೆ ಹೋಗಿ ಹಾಡುತ್ತಾಳೆ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ ಅದು. ನನ್ನ ಆತ್ಮ ದೇವರ ಹಿರಿಮೆಯನ್ನು ಸಾರುತ್ತದೆ ಅಂತಲೇ ಶುರು. ತಾಯಿಯ ಮಾತು ಮಗಳ ಬಾಯಲ್ಲಿ ಬಂದ ಹಾಗೆ ಕೇಳುತ್ತದೆ. ಆದರೆ ಹಾಡು ಅಲ್ಲಿಗೆ ನಿಲ್ಲುವುದಿಲ್ಲ. ದೇವರು ಬಲಿಷ್ಠರನ್ನು ಸಿಂಹಾಸನದಿಂದ ಕೆಳಗಿಳಿಸಿದ, ಹಸಿದವರ ಹೊಟ್ಟೆ ತುಂಬಿಸಿದ, ಶ್ರೀಮಂತರನ್ನು ಬರಿಗೈಯಲ್ಲಿ ಕಳಿಸಿದ. ಇದು ಸುಮ್ನೆ ತಲೆತಗ್ಗಿಸಿ ಕೂತ ಹೆಣ್ಣಿನ ಮಾತಲ್ಲ. ಮರಿಯಮ್ಮನ ಮೌನವನ್ನು ಹೊಗಳುವ ಪ್ರವಚನಗಳು ಜಾಸ್ತಿ. ಈ ಹಾಡಿನ ಬಗ್ಗೆ ಕಡಿಮೆ. ನನಗೆ ಅದು ನೋವಿನ ವಿಷಯ.

ದೇವರನ್ನು ನಾವು ತಂದೆ ಎನ್ನುತ್ತೇವೆ. ಪೀಠದ ಹತ್ತಿರ ನಿಂತು ಪೂಜೆ ಅರ್ಪಿಸುವವರು ಗಂಡಸರೇ. ಆದರೂ ಬೈಬಲಿನ ಯೆಶಾಯನ ಗ್ರಂಥದಲ್ಲಿ ದೇವರು, ತಾಯಿ ಮಗುವನ್ನು ಸಂತೈಸುವಂತೆ ನಿಮ್ಮನ್ನು ಸಂತೈಸುತ್ತೇನೆ ಎನ್ನುತ್ತಾನೆ. ಯೇಸು ಜೆರುಸಲೇಮನ್ನು ನೋಡಿ, ಕೋಳಿ ತನ್ನ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುವಂತೆ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಲು ಎಷ್ಟು ಸಲ ಆಸೆಪಟ್ಟೆ ಎನ್ನುತ್ತಾನೆ. ಯೇಸು ಸಾವಿನಿಂದ ಎದ್ದುಬಂದ ಸುದ್ದಿ ಶಿಷ್ಯರಿಗೆ ಮುಟ್ಟಿದ್ದು ಯೇಸುವನ್ನು ಹಿಂಬಾಲಿಸಿದ ಮಗ್ದಲದ ಮರಿಯಳಿಂದ. ಅವಳ ಜುಲೈ 22ರ ಸ್ಮರಣೆಯನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಪ್ರೇಷಿತರ, ಅಂದರೆ ಯೇಸುವಿನ ಮುಖ್ಯ ಶಿಷ್ಯರ, ಹಬ್ಬಗಳ ಸಾಲಿಗೆ ಏರಿಸಿದರು. ತಡವಾಯಿತು. ಆದರೂ ಆಯಿತಲ್ಲ ಅಂತ ನಾನು ದೇವರಿಗೆ ಕೃತಜ್ಞಳು.

ಹಬ್ಬದ ದಿನ ಬಾಳೆಎಲೆ ಊಟ. ಮೀನು, ಮಾಂಸ ಇಲ್ಲ. ಕೆಸುವಿನ ದಂಟಿಗೆ ಅಂಬಟೆಕಾಯಿ, ತೊಂಡೆಕಾಯಿ, ಬೆಂಡೆ, ಹೀರೆ. ಮಕ್ಕಳ ಕೈಯಲ್ಲಿ ಕಬ್ಬು. ಮೊದಲಿಗೆ ತೆನೆಯ ಕಾಳು ಸುಲಿದು, ಪುಡಿಮಾಡಿ, ತೆಂಗಿನ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚುವುದು. ಅದೇ ನೊವೆಂ. ದೂರದ ಊರಿನಲ್ಲಿರುವವರಿಗೆ ಕಾಳನ್ನು ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುವವರೂ ಇದ್ದಾರೆ. ಪ್ರಾರ್ಥನೆ ಹೇಳಿ ಹಂಚುವವರು ಸಾಮಾನ್ಯವಾಗಿ ಮನೆಯ ಯಜಮಾನರು. ನಮ್ಮ ಮನೆಯಲ್ಲಿ ಈ ಸಲ ಅದಕ್ಕೂ ಮೊದಲು ಮರಿಯಮ್ಮನ ಆ ಹಾಡನ್ನು ಪೂರ್ತಿ ಓದಬೇಕು ಅಂತ ಮಾತಾಗಿದೆ. ಸಿಂಹಾಸನದ ಸಾಲನ್ನೂ ಬಿಡದೆ. ಓದುವವಳು ಮನೆಯ ಅತಿ ಚಿಕ್ಕ ಹುಡುಗಿ.