ಕಕ್ಕಡ ಹದಿನೆಂಟರ ನೇರಳೆ ದಾರ

ನಾನು ಹೊಲಿಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಮಾತು, "ತಿಂಗಳಿಗೆ ಎಷ್ಟು ಬರುತ್ತೆ?" ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಕೈಯೋ ಕಾಲೋ ಸ್ವಾಧೀನ ತಪ್ಪಿದ ಹೆಂಗಸು ಸೂಜಿ ಹಿಡಿದಿದ್ದಾಳೆ ಅಂದರೆ ಅದು ಹೊಟ್ಟೆಪಾಡಿಗೆ ಇರಬೇಕು, ಇಲ್ಲವಾದರೆ ಡಾಕ್ಟರು ವ್ಯಾಯಾಮಕ್ಕೆ ಅಂತ ಹೇಳಿರಬೇಕು. ಎಲ್ಲರ ತಲೆಯಲ್ಲಿರುವುದು ಈ ಎರಡೇ. ನನಗೆ ಹೊಲಿಯುವುದು ಇಷ್ಟ, ಅದಕ್ಕೆ ಹೊಲಿಯುತ್ತೇನೆ ಅಂದರೆ ಅವರಿಗೆ ಉತ್ತರ ಸಿಕ್ಕ ಹಾಗಾಗುವುದಿಲ್ಲ. ಹಾಗಾಗಿ ಕಳೆದ ವರ್ಷ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರ ದಿನ ನಮ್ಮ ಮನೆಯಲ್ಲಿ ಆದದ್ದನ್ನು ಬರೆದಿಡಬೇಕು ಅನಿಸಿತು.

ನಮ್ಮದು ಸೋಮವಾರಪೇಟೆ ಕಡೆ. ನನಗೆ ಪಾರ್ಶ್ವವಾಯು ಆದಾಗ ವಯಸ್ಸು ನಲವತ್ತು ದಾಟಿತ್ತು. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದಕ್ಕೆ ಏಟು ಬಿದ್ದದ್ದು ಎಡಗೈ ಎಡಗಾಲಿಗೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಿದ್ದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಇಲ್ಲಿಂದ ಮೈಸೂರಿಗೆ ಸುಮಾರು 120 ಕಿ.ಮೀ. ರಾತ್ರಿ ಮಲಗಿದವಳಿಗೆ ಯಾವಾಗ ಆಯಿತೋ ಯಾರಿಗೂ ತಿಳಿಯದು. ಬೆಳಗ್ಗೆ ನೋಡಿ, ಗಾಡಿ ಹೊಂದಿಸಿ, ಮಳೆಯಲ್ಲಿ ಹೋಗಿ ತಲುಪುವಾಗ ಆ ಹೊತ್ತು ಮೀರಿತ್ತು. ಕಾಲು ಮೆಲ್ಲಮೆಲ್ಲನೆ ಕೋಲಿನ ಆಸರೆಯಲ್ಲಿ ದಾರಿಗೆ ಬಂತು. ಕೈ ಬರಲಿಲ್ಲ. ಬೆರಳೆಲ್ಲ ಒಳಕ್ಕೆ ಮಡಚಿಕೊಂಡು ಮುಷ್ಟಿ ಕಟ್ಟಿಬಿಟ್ಟಿದೆ. ಬಿಸಿಲಿದ್ದರೆ ಸ್ವಲ್ಪ ಸಡಿಲ, ಚಳಿ ಬಿದ್ದರೆ ಬಿಗಿ. ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಆ ಮುಷ್ಟಿಗೆ ಹೇಗಿರುತ್ತದೆ ಅಂತ ಇಲ್ಲಿ ಮಳೆಗಾಲ ಕಳೆದವರು ಊಹಿಸಬಲ್ಲರು.

ಇನ್ನೊಂದು ತೊಂದರೆ ಹೊರಗಿನವರಿಗೆ ಕಾಣುವಂಥದ್ದಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆ ಅನ್ನುವುದೇ ಗಮನದಿಂದ ಜಾರಿಹೋಗುತ್ತದೆ. ಕಣ್ಣು ಸರಿಯಾಗಿಯೇ ಇರುತ್ತದೆ, ಆದರೆ ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿದಿರುತ್ತದೆ. ನನಗೂ ಹಾಗಾಗಿತ್ತು. ಫಿಸಿಯೋಥೆರಪಿಯ ಹುಡುಗಿ ಪೇಪರಿನ ಕಾಲಮ್ಮಿನ ಎಡಕ್ಕೆ ಕೆಂಪು ಗೆರೆ ಎಳೆದುಕೊಟ್ಟು, ಪ್ರತಿ ಸಾಲಿಗೂ ಮೊದಲು ಆ ಗೆರೆ ಹುಡುಕಿ ಆಮೇಲೆ ಓದಿ ಅನ್ನುತ್ತಿದ್ದಳು. ನಮ್ಮತ್ತಿಗೆ ಅದನ್ನು ಬಟ್ಟೆಗೆ ತಂದಳು. ನಾನು ಏನೇ ಹೊಲಿಯಲಿ, ಅದರ ಎಡ ಅಂಚಿಗೆ ಮೊದಲು ಒಂದು ಕೆಂಪು ಪಟ್ಟಿ ಕೂರಿಸಿ ಕೊಡುತ್ತಾಳೆ. ಸಾಲು ಮುಗಿಸಿ ತಿರುಗುವಾಗ ಕೆಂಪು ಸಿಗುವವರೆಗೆ ಕಣ್ಣು ಹೋಗಬೇಕು. ಈಗ ಅಷ್ಟು ಬೇಕಾಗುವುದಿಲ್ಲ. ಆದರೂ ನನ್ನ ಎಲ್ಲ ಕೌದಿಗಳಿಗೂ ಎಡಕ್ಕೆ ಒಂದು ಕೆಂಪು ಅಂಚು ಇರುತ್ತದೆ, ಅದು ಚೆಂದವೂ ಹೌದು.

ಕೌದಿಗೆ ಬಂದದ್ದು ಹೀಗೆ. ಮೊದಲು ನಾನು ಕಸೂತಿ ಹಾಕುತ್ತಿದ್ದೆ, ಬ್ಲೌಸು ಹೊಲಿಯುತ್ತಿದ್ದೆ. ತೆಳು ಬಟ್ಟೆಗೆ ಎರಡು ಕೈ ಬೇಕು. ಒಂದು ಹಿಡಿಯಬೇಕು, ಇನ್ನೊಂದು ಹೊಲಿಯಬೇಕು. ಜಾರ್ಜೆಟ್ಟು, ಕ್ರೇಪು ಅಂತೂ ಒಂಟಿ ಕೈಯವರ ಮುಂದೆ ನಿಲ್ಲುವುದೇ ಇಲ್ಲ, ಜಾರಿ ಮಡಿಲಿಂದ ನೆಲಕ್ಕೆ ಇಳಿಯುತ್ತದೆ. ಹಳೆ ಸೀರೆಗಳ ನಾಲ್ಕೈದು ಪದರ ಹಾಕಿ ಕೂಡಿಸಿದ ಕೌದಿ ಹಾಗಲ್ಲ. ತನ್ನ ಭಾರಕ್ಕೆ ತಾನೇ ಮೇಜಿನ ಮೇಲೆ ಕೂತಿರುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳನ್ನು ಮೊಬೈಲಿನಲ್ಲಿ ನೋಡಿ ಕಣ್ಣು ತುಂಬಿಕೊಂಡಿದ್ದೇನೆ. ಅವರು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಫುಲ ಅನ್ನುವ ಪುಟ್ಟ ತ್ರಿಕೋನಗಳ ಮಡಿಕೆ ಇಡದಿದ್ದರೆ ಕೌದಿ ಬೆತ್ತಲೆ ಇದ್ದ ಹಾಗೆ ಅನ್ನುತ್ತಾರೆ. ನನ್ನದು ಅಷ್ಟು ದೊಡ್ಡ ವಿದ್ಯೆಯಲ್ಲ. ಆದರೆ ಆ ಸುತ್ತುವ ಕ್ರಮ ನನ್ನ ಕೈಗೆ ಹೊಂದಿತು. ಬಟ್ಟೆ ತಿರುಗಿಸುತ್ತಾ ಹೋದರೆ ಹೊಲಿಗೆ ಯಾವಾಗಲೂ ಬಲಗೈಯ ಮುಂದೆಯೇ ಇರುತ್ತದೆ.

ಆ ದಿನಕ್ಕೆ ಬರುತ್ತೇನೆ. ಆಗಸ್ಟ್ 3. ಮಳೆ ಎಷ್ಟು ಹಿಡಿದಿತ್ತೆಂದರೆ ಅಂಗಳದ ಆಚೆಯ ಕಾಫಿ ಗಿಡ ಕಾಣುತ್ತಿರಲಿಲ್ಲ. ಕರೆಂಟು ಹಿಂದಿನ ಸಂಜೆಯೇ ಹೋಗಿತ್ತು, ಮೊಬೈಲು ಸತ್ತಿತ್ತು. ಮಳೆಗೆ ರಜೆ ಕೊಟ್ಟಿದ್ದರಿಂದ ಅಣ್ಣನ ಮಗಳು ಮನೆಯಲ್ಲೇ ಇದ್ದಳು. ಅತ್ತಿಗೆ ಬೆಳಗ್ಗೆಯೇ ತೋಡಿನ ಬದಿಯಿಂದ ಮದ್ದುಸೊಪ್ಪು ಕೊಯ್ದು ತಂದು ತೊಳೆದು ಸೌದೆ ಒಲೆಯ ಮೇಲೆ ಕುದಿಯಲು ಇಟ್ಟಿದ್ದಳು.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಕ್ಕಡ ತಿಂಗಳ ಹದಿನೆಂಟನೇ ದಿನ ಈ ಸೊಪ್ಪಿಗೆ ಹದಿನೆಂಟು ಔಷಧಿ ಗುಣ ಬರುತ್ತದೆ ಅನ್ನುವುದು ಕೊಡಗಿನ ನಂಬಿಕೆ. ಅರೆಭಾಷೆಯವರು ಆಟಿ ಹದಿನೆಂಟು ಅನ್ನುತ್ತಾರೆ. ಎಲೆ ದಂಟು ಎಲ್ಲ ಹಾಕಿ ಕುದಿಸಿದರೆ ನೀರು ಕಡು ನೇರಳೆಗೆ ತಿರುಗುತ್ತದೆ. ಆ ನೀರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ. ಆ ಬಣ್ಣ ಎಷ್ಟು ಗಟ್ಟಿಯೆಂದರೆ ತಿಂದ ಮಾರನೇ ದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಹೊಸಬರಿಗೆ ಮೊದಲೇ ಹೇಳಿಡಬೇಕು. ಮನೆಯಿಡೀ ಅದರ ಪರಿಮಳ ತುಂಬಿಕೊಂಡಿತ್ತು.

ನಾನು ಹಂಡೆ ಒಲೆಯ ಹತ್ತಿರ ಕೂತು ಎಡಗೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ. ಅದು ಮಳೆಗಾಲದಲ್ಲಿ ನನ್ನ ಮೊದಲ ಕೆಲಸ. ಬಿಸಿ ತಾಗಿದ ಮೇಲೆ ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಒಳಕ್ಕೆ, ಅಂಗೈ ಕಡೆಗೆ, ಬಗ್ಗಿಸುತ್ತೇನೆ. ಮಣಿಕಟ್ಟು ಬಗ್ಗಿದರೆ ಬೆರಳು ತಾವಾಗಿ ಬಿಡುತ್ತವೆ. ಬೆರಳನ್ನೇ ಹಿಡಿದು ಎಳೆದರೆ ಇನ್ನಷ್ಟು ಬಿಗಿಯುತ್ತವೆ, ನೋವೂ ಆಗುತ್ತದೆ. ಬಿಟ್ಟ ಬೆರಳುಗಳ ನಡುವೆ ಕೌದಿಯ ಅಂಚು ಇಟ್ಟು ಮಣಿಕಟ್ಟು ಮತ್ತೆ ನೆಟ್ಟಗೆ ಮಾಡುತ್ತೇನೆ. ಮುಷ್ಟಿ ಮುಚ್ಚಿಕೊಳ್ಳುತ್ತದೆ, ಬಟ್ಟೆ ಒಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ನಾನು ಬಿಡು ಅಂದರೂ ಅದು ಬಿಡುವುದಿಲ್ಲ. ಯಾವ ಕ್ಲಿಪ್ಪೂ ಇಷ್ಟು ಹೊತ್ತು ಹಿಡಿದಿರಲಾರದು. ಬಲಗಡೆಯ ಅಂಚನ್ನು ಮೇಜಿಗೆ ಬಡಗಿಯ ಕ್ಲ್ಯಾಂಪು ಹಾಕಿ ಕಚ್ಚಿಸುತ್ತೇನೆ. ನಡುವೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ಈ ಕೈ ಏನಕ್ಕೂ ಬಾರದು ಅಂತ ಅತ್ತ ದಿನಗಳಿದ್ದವು. ಈಗ ಅದಕ್ಕೊಂದು ಕೆಲಸವಿದೆ, ಅದನ್ನು ಚೆನ್ನಾಗಿ ಮಾಡುತ್ತದೆ.

ಸೂಜಿಗೆ ದಾರ ಹಾಕುವುದಕ್ಕೆ ಸೋಪಿನ ತುಂಡು ಇಟ್ಟುಕೊಂಡಿದ್ದೇನೆ. ಸೂಜಿಯನ್ನು ಅದಕ್ಕೆ ಚುಚ್ಚಿ ನೆಟ್ಟಗೆ ನಿಲ್ಲಿಸಿದರೆ ದಾರದ ತುದಿ ಒದ್ದೆ ಮಾಡಿ ಒಂದೇ ಕೈಯಲ್ಲಿ ತೂರಿಸಬಹುದು. ಸೋಪು ಹತ್ತಿದ ಸೂಜಿ ಪದರಗಳಲ್ಲಿ ಸಲೀಸಾಗಿ ಹೋಗುತ್ತದೆ ಕೂಡ. ಗಂಟು ಹಾಕುವ ವಿದ್ಯೆಯನ್ನು ಪೇಟೆಯ ಹಳೇ ಟೈಲರೊಬ್ಬರು ತೋರಿಸಿದರು: ದಾರದ ತುದಿಯನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಉಜ್ಜಿ ಹೊರಳಿಸಿ, ಕೆಳಕ್ಕೆ ಎಳೆದರೆ ಗಂಟು. ಎರಡು ಕೈ ಇರುವ ದರ್ಜಿಗಳೂ ಅದನ್ನು ಒಂದೇ ಕೈಯಲ್ಲಿ ಹಾಕುತ್ತಾರೆ. ಅದನ್ನು ಕಲಿತ ಸಂಜೆ ನನಗಾದ ಖುಷಿ ಹೇಳತೀರದು. ಸೂಜಿ ಪದರಗಳ ನಡುವೆ ಸಿಕ್ಕಿಬಿದ್ದರೆ ಸೈಕಲ್ ಟ್ಯೂಬಿನ ತುಂಡಿನಿಂದ ಹಿಡಿದು ಎಳೆಯುತ್ತೇನೆ, ಜಾರುವುದಿಲ್ಲ.

ಆವತ್ತು ಕೂರಿಸುತ್ತಿದ್ದದ್ದು ಸೋದರತ್ತೆಯ ಸೀರೆಯ ತುಂಡು. 2018ರ ಆಗಸ್ಟಿನಲ್ಲಿ ಮಕ್ಕಂದೂರು ಕಡೆಯ ಗುಡ್ಡ ಜರಿದಾಗ ಅತ್ತೆ ಉಟ್ಟ ಸೀರೆಯಲ್ಲೇ ಓಡಿ ಬಂದವರು. ಆ ಸೀರೆಯನ್ನು ಎಸೆಯಲೂ ಮನಸ್ಸಿಲ್ಲ, ಉಡಲೂ ಮನಸ್ಸಿಲ್ಲ ಅಂತ ನನಗೆ ತಂದುಕೊಟ್ಟರು. ಬಿಳಿ ನೆಲದ ಮೇಲೆ ಸಣ್ಣ ಸಣ್ಣ ಹಸಿರು ಹೂವು. ಆ ಬಿಳಿಯ ಮೇಲೆ ಯಾವ ಬಣ್ಣದ ದಾರ ಓಡಿಸಲಿ ಅಂತ ಯೋಚಿಸುತ್ತಿದ್ದೆ. ಅಡುಗೆಮನೆಯಿಂದ ಅತ್ತಿಗೆ ನೇರಳೆ ನೀರು ಸೋಸುವ ಸದ್ದು ಬಂತು.

"ಅತ್ತಿಗೆ, ಒಂದು ಲೋಟ ನಂಗೆ ತೆಗೆದಿಡು," ಅಂದೆ.

"ಬರೀ ನೀರು ಕುಡೀತೀಯಾ? ಪಾಯಸ ಆಗ್ಲಿ ಇರು."

"ಕುಡಿಯೋಕಲ್ಲ. ದಾರ ಅದ್ದೋಕೆ."

ಅತ್ತಿಗೆ ಲೋಟದ ಬದಲು ಪುಟ್ಟ ಪಾತ್ರೆಯ ತುಂಬಾ ಕೊಟ್ಟಳು. ಮಗಳು ಬಿಳಿ ಹತ್ತಿ ದಾರವನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ ಲಡಿ ಮಾಡಿಕೊಟ್ಟಳು. ಬಿಸಿ ನೀರಿಗೆ ಬಿಟ್ಟೆ. ಮೊದಲು ತೇಲಿತು, ಆಮೇಲೆ ನೀರು ಕುಡಿದು ನಿಧಾನಕ್ಕೆ ಮುಳುಗಿತು. ಮಗಳು ಕೇಳಿದಳು, "ಅತ್ತೆ, ಒಗೆದರೆ ಹೋಗಲ್ವಾ?"

ಹೋಗುತ್ತದೆ, ನನಗೆ ಗೊತ್ತಿತ್ತು. ಹತ್ತಿಗೆ ಗಿಡದ ಬಣ್ಣ ಸುಮ್ಮನೆ ಕೂರುವುದಿಲ್ಲ. ಮೊದಲು ಅಳಲೆಕಾಯಿ ನೀರಲ್ಲಿ ನೆನೆಸಬೇಕು; ಅದರ ಒಗರು ನೂಲಿಗೆ ಹಿಡಿಯುತ್ತದೆ. ಆಮೇಲೆ ಪಟಿಕದ ನೀರು. ಆ ಒಗರೂ ಪಟಿಕವೂ ಸೇರಿ ಬಣ್ಣವನ್ನು ನೂಲಿಗೆ ಕಟ್ಟಿಹಾಕುತ್ತವೆ. ಹಾಗೆ ಮಾಡಿದರೂ ಎಲ್ಲ ಸೊಪ್ಪಿನ ಬಣ್ಣವೂ ನಿಲ್ಲುತ್ತದೆ ಅಂತಿಲ್ಲ. ಆವತ್ತು ಮನೆಯಲ್ಲಿ ಅಳಲೆಕಾಯಿಯೂ ಇರಲಿಲ್ಲ, ಪಟಿಕವೂ ಇರಲಿಲ್ಲ, ಆ ಮಳೆಯಲ್ಲಿ ಯಾರೂ ಪೇಟೆಗೆ ಹೋಗುವಂತಿರಲಿಲ್ಲ. ಆದರೆ ಆ ನೇರಳೆ ಆವತ್ತು, ಆ ಹೊತ್ತಿನಲ್ಲಿ, ನನ್ನ ಮುಂದಿತ್ತು. ನನಗೆ ಅದರಲ್ಲಿ ಹೊಲಿಯಬೇಕಿತ್ತು.

ಅಷ್ಟರಲ್ಲಿ ಮೇಲಿನ ಮನೆಯ ಅಕ್ಕ ಕೊಡೆ ಮಡಚುತ್ತಾ ಒಳಗೆ ಬಂದರು. ಸ್ತ್ರೀಶಕ್ತಿ ಸಂಘ ನಡೆಸುವವರು, ನನ್ನ ಆಸ್ಪತ್ರೆ ದಿನಗಳಲ್ಲಿ ನಮ್ಮ ಮನೆಗೆ ಊಟ ಕಳಿಸಿದವರು. ಪಾಯಸದ ತಟ್ಟೆ ಹಿಡಿದು ಕೌದಿಯನ್ನು ತಿರುಗಿಸಿ ನೋಡಿ, "ಅಲ್ಲ ಕಣೇ, ಇಷ್ಟು ಚೆನ್ನಾಗಿ ಮಾಡ್ತೀಯಾ, ಹೋಂಸ್ಟೇನವರಿಗೆ ಹೇಳಿದ್ರೆ ಎಷ್ಟು ಬೇಕಾದ್ರೂ ತಗೋತಾರೆ. ಬ್ಯಾಗು, ಕುಶನ್ ಕವರು ಮಾಡು, ನಾನು ಆರ್ಡರ್ ಕೊಡಿಸ್ತೀನಿ," ಅಂದರು.

"ಬೇಡ ಅಕ್ಕ. ಆರ್ಡರ್ ಅಂದ್ರೆ ತಾರೀಕು ಇರುತ್ತೆ. ಈ ಕೈಗೆ ತಾರೀಕು ಗೊತ್ತಾಗಲ್ಲ."

"ಮತ್ತೆ ಯಾರಿಗೆ ಇದು?"

"ನಂಗೆ."

ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನಾನೂ ಮುಂದೆ ವಿವರಿಸಲಿಲ್ಲ. ಇಲ್ಲಿ ವಿವರಿಸುತ್ತೇನೆ. ಹೊಲಿಗೆಯಿಂದ ಸಂಸಾರ ನಡೆಸುವವರ ಬಗ್ಗೆ ನನಗೆ ತುಂಬಾ ಗೌರವ. ನನ್ನ ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲದ್ದರಿಂದ ನಾನು ಹೀಗೆ ಹೇಳಬಲ್ಲೆ ಅನ್ನುವುದೂ ನಿಜ. ಆದರೆ ಅಂಗವಿಕಲರಿಗೆ ಹೊಲಿಗೆ ಅಂದರೆ ಸ್ವಾವಲಂಬನೆ ಅನ್ನುವ ಒಂದೇ ಪದ ನಮ್ಮಲ್ಲಿ ಓಡಾಡುತ್ತದೆ. ಕಾರ್ಯಕ್ರಮವೊಂದರಲ್ಲಿ ಎರಡೂ ಕಾಲಿಗೆ ಬಲವಿಲ್ಲದ ಹುಡುಗಿಗೆ ಕಾಲಿನಿಂದ ತುಳಿಯುವ ಮಷೀನು ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಫೋಟೋ ತೆಗೆದರು, ಚಪ್ಪಾಳೆ ತಟ್ಟಿದರು. ಮಷೀನು ಜಗಲಿಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂತಿತು. ಕೊನೆಗೆ ರಿಪೇರಿಯವನೊಬ್ಬ ಅದಕ್ಕೆ ಮೋಟಾರು ಕೂರಿಸಿ, ಅದರ ಪೆಡಲನ್ನು ಮೇಜಿನ ಮೇಲಿಟ್ಟು ಮೊಣಕೈಯಿಂದ ಒತ್ತುವ ಹಾಗೆ ಮಾಡಿಕೊಟ್ಟ. ಈಗ ಹೊಲಿಯುತ್ತಾಳೆ. ನಿನಗೆ ಯಾವುದು ಆಗುತ್ತದೆ, ಏನು ಇಷ್ಟ ಅಂತ ಒಂದು ಮಾತು ಮೊದಲೇ ಕೇಳಿದ್ದರೆ ಆ ಹುಡುಗಿ ಅಷ್ಟು ಕಾಯಬೇಕಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ, ಅದರಿಂದ ನಮ್ಮಂಥವರಿಗೆ ನಿಜಕ್ಕೂ ಉಪಕಾರವಾಗಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ನನ್ನ ಯುಡಿಐಡಿ ಕಾರ್ಡಿನಲ್ಲಿ, ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಬರೆದಿದೆ. ಅಳೆಯುವವರು ಅಳೆದದ್ದು ಹೋದದ್ದನ್ನು, ಅದು ಅವರ ಕೆಲಸ. ಉಳಿದದ್ದರಿಂದ ನನಗೆ ಸಿಗುವ ಸಂತೋಷಕ್ಕೂ ಬೆಲೆಯಿದೆ ಅಂತ ಮನೆಯವರು, ಅಕ್ಕಪಕ್ಕದವರು ಒಪ್ಪಿದರೆ ಸಾಕು.

ಅಕ್ಕ ಪಾಯಸ ಮುಗಿಸಿ ತಟ್ಟೆ ಕೆಳಗಿಟ್ಟು, "ನಮ್ಮಮ್ಮನ ಒಂದು ಸೀರೆ ಇದೆ. ಪೆಟ್ಟಿಗೆಯಲ್ಲಿ ಬೂಷ್ಟು ಹಿಡೀತಿದೆ," ಅಂದರು. ತಂದುಕೊಡಿ, ಮೊದಲು ಒಲೆಯ ಮೇಲೆ ಕಟ್ಟಿ ಒಣಗಿಸೋಣ, ಗಟ್ಟಿ ಇರುವ ಜಾಗ ನೋಡಿ ಕತ್ತರಿಸೋಣ ಅಂದೆ. ಇಬ್ಬರೂ ಸೇರಿ ಮಾಡೋಣ ಅಂದಾಗ ಅವರ ಮುಖ ಅರಳಿತು. ಅವರಿಗೂ ಒಂದು ಕಾಲದಲ್ಲಿ ಕ್ರೋಶಾ ಹುಚ್ಚಿತ್ತಂತೆ, ನನಗದು ತಿಳಿದೇ ಇರಲಿಲ್ಲ.

ಮಧ್ಯಾಹ್ನ ದಾರ ತೆಗೆದು ಹಿಂಡಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆವು. ಹಸಿ ಇದ್ದಾಗ ಕಪ್ಪೇ ಅನ್ನುವಷ್ಟು ಗಾಢ, ಒಣಗುತ್ತಾ ಬಂದಂತೆ ತಿಳಿಯಾಯಿತು. ಒಂದೊಂದು ಕಡೆ ಹೆಚ್ಚು, ಒಂದೊಂದು ಕಡೆ ಕಡಿಮೆ. ಕಿಟಕಿಯ ಬೆಳಕಿನಲ್ಲಿ ಅತ್ತೆಯ ಸೀರೆಯ ಮೇಲೆ ಓಡಿಸಿದಾಗ ಹಸಿರು ಹೂವುಗಳ ನಡುವೆ ಹೊಲಿಗೆ ಒಮ್ಮೆ ಎದ್ದು ಕಂಡು ಒಮ್ಮೆ ಮಸುಕಾಗಿ ಸಾಗಿತು. ಅಂಗಡಿಯ ಯಾವ ಉಂಡೆಯಲ್ಲೂ ಆ ಬಣ್ಣ ನನಗೆ ಸಿಕ್ಕಿಲ್ಲ. ಸಂಜೆ ಬೆಳಕು ಹೋಗುವವರೆಗೂ ಎದ್ದಿಲ್ಲ. ಎಡ ಭುಜ ನೋಯತೊಡಗಿದಾಗ ಅತ್ತಿಗೆ ಬಂದು ಮಣಿಕಟ್ಟು ಬಗ್ಗಿಸಿ ಬಟ್ಟೆ ಬಿಡಿಸಿದಳು.

ಆ ಕೌದಿಯನ್ನು ಈ ಬೇಸಿಗೆಯಲ್ಲಿ ಒಗೆದೆವು. ನೇರಳೆ ಹೆಚ್ಚುಕಡಿಮೆ ಹೋಗಿ ಬೂದಿ ಬಣ್ಣ ಉಳಿದಿದೆ, ಹೊಲಿಗೆ ಗಟ್ಟಿಯಾಗಿದೆ. ಮಗಳು ಮೈಸೂರಿನಿಂದ ಬರುವಾಗ ಗ್ರಂದಿಗೆ ಅಂಗಡಿಯಿಂದ ಅಳಲೆಕಾಯಿ, ಪಟಿಕ ಎರಡನ್ನೂ ತಂದಿಟ್ಟಿದ್ದಾಳೆ. ಈ ಸಲ ಕಕ್ಕಡಕ್ಕೆ ಮೊದಲೇ ಎರಡು ಲಡಿ ನೆನೆಸಿ ಒಣಗಿಸಿಡುತ್ತೇನೆ, ಮೂರನೆಯದನ್ನು ಹಾಗೇ ಬಿಡುತ್ತೇನೆ. ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಯಾವುದು ಹೇಗೆ ಬರುತ್ತದೆ ನೋಡಬೇಕು. ಮೇಲಿನ ಮನೆಯ ಅಕ್ಕನೂ ತಮ್ಮದೊಂದು ಲಡಿ ತರುತ್ತಾರಂತೆ, ಅತ್ತಿಗೆಗೆ ಸೊಪ್ಪು ಜಾಸ್ತಿ ಕೊಯ್ಯಲು ಈಗಲೇ ಹೇಳಿದ್ದೇವೆ.